ಮೊದಲ ರೌಂಡಿಗೇ ಒಪ್ಪಬಾರದು

ಪ್ರಶ್ನೆ ಕೇಳುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಬಿತ್ತನೆ ತರುವಾಗ, ಬೋರ್‌ವೆಲ್ಲಿಗೆ ಮೋಟಾರು ಇಳಿಸುವಾಗ, ಮಗಳ ಕಾಲೇಜಿನಲ್ಲಿ ಪೋಷಕರ ಸಭೆ ಕರೆದಾಗ, ಎಲ್ಲಿಯೇ ಆಗಲಿ, ನಾಲ್ಕು ಪ್ರಶ್ನೆ ಕೇಳದೆ ನಾನು ಎದ್ದು ಬಂದದ್ದಿಲ್ಲ. ಆದ್ದರಿಂದ ನಮ್ಮ ಚೈತ್ರಳಿಗೆ ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಸೀಟು ಸಿಕ್ಕಿ, ಇನ್ನು ಹಾಸ್ಟೆಲಿನಲ್ಲಿ ಒಂದು ಜಾಗ ಹಿಡಿಯಬೇಕು ಎಂದಾಗ, ಆ ಕೆಲಸಕ್ಕೆ ನನಗಿಂತ ಯೋಗ್ಯನಾದ ಮನುಷ್ಯ ಕೂಟಗಲ್ ಹೋಬಳಿಯಲ್ಲೇ ಇಲ್ಲ ಎಂದು ನನಗೆ ಪೂರ್ತಿ ನಂಬಿಕೆಯಿತ್ತು.

ಆ ದಿನ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಬೇರೆಯವರು ಹೇಳಿದರೆ ಉಪ್ಪು ಖಾರ ಸೇರುತ್ತದೆ. ನನ್ನ ಹೆಂಡತಿ ಸಾವಿತ್ರಿ ಈಗಾಗಲೇ ಸೇರಿಸಿದ್ದಾಳೆ.

ಮೊದಲು ಹಾಸ್ಟೆಲ್ ಏಕೆ ಬೇಕಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮ ಊರಿಂದ ರಾಮನಗರಕ್ಕೆ ಬಸ್ಸು. ರಾಮನಗರದಿಂದ ಬೆಂಗಳೂರಿಗೆ ರೈಲು. ರೈಲು ಇಳಿದ ಮೇಲೆ ಮತ್ತೆ ಸಿಟಿ ಬಸ್ಸು. ಅವಳ ಲ್ಯಾಬು ಸಂಜೆ ಐದೂವರೆಗೆ ಬಿಡುತ್ತದೆ. ನಮ್ಮ ಊರಿನ ಕೊನೆಯ ಬಸ್ಸು ಏಳಕ್ಕೆ ರಾಮನಗರ ಬಿಡುತ್ತದೆ. ಈ ಎರಡು ಹೊತ್ತೂ ಒಂದಕ್ಕೊಂದು ಹೊಂದುವುದಿಲ್ಲ. ಹೊರಗಡೆ ಪಿ.ಜಿ.ಯಲ್ಲಿ ಇರಿಸುವುದು ನಮ್ಮ ಕೈಗೆ ಎಟುಕುವ ಮಾತಲ್ಲ. ಹಾಸ್ಟೆಲ್ ಸಿಗದಿದ್ದರೆ ಓದು ನಿಲ್ಲುತ್ತದೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಹೋಗುವ ಮೊದಲು ಒಂದು ವಾರ ನಾನು ಸಿದ್ಧತೆ ಮಾಡಿದೆ. ಚೈತ್ರಳ ಹಳೆಯ ನೋಟ್‌ಬುಕ್ಕೊಂದರಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ನಂಬರು ಹಾಕಿ ಬರೆದೆ. ಒಂದನೇ ಪ್ರಶ್ನೆ ಸಾವಿತ್ರಿಯದು.

“ಮುದ್ದೆ ಐತಾ ಅಂತ ಕೇಳಿ. ಐತೆ ಅಂದ್ರೆ ವಾರಕ್ಕೆ ಎಷ್ಟು ದಿನ ಅಂತ್ಲೂ ಕೇಳಿ. ಸುಮ್ನೆ ತಲೆ ಆಡಿಸ್ಕೊಂಡು ಬಂದ್ಬುಡಬ್ಯಾಡಿ.”

ಎರಡನೆಯದು ನಮ್ಮ ತಾಯಿಯದು: ಒದ್ದೆ ಬಟ್ಟೆ ಎಲ್ಲಿ ಒಣಗಲು ಹಾಕುತ್ತಾರೆ, ಗಂಡಸರ ಕಣ್ಣಿಗೆ ಬೀಳುತ್ತದೆಯೇ. ಮಿಕ್ಕವೆಲ್ಲ ನನ್ನವು. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ? ರೈಲು ಪಾಸಿಗೆ ಕಾಲೇಜಿನ ಸಹಿ ಯಾರು ಹಾಕುತ್ತಾರೆ? ಗ್ರಂಥಾಲಯದ ಪುಸ್ತಕ ಎಷ್ಟು ದಿನ ಇಟ್ಟುಕೊಳ್ಳಬಹುದು? ಹಾಜರಾತಿ ಎಷ್ಟಿರಬೇಕು? ಜ್ವರ ಬಂದರೆ ಯಾರು ನೋಡುತ್ತಾರೆ? ಗೇಟು ಎಷ್ಟು ಗಂಟೆಗೆ ಹಾಕುತ್ತಾರೆ? ಹಾಕಿದ ಮೇಲೆ ಬಂದರೆ ತೆಗೆಯುತ್ತಾರೆಯೇ? ಹೀಗೆ ಇಪ್ಪತ್ತೆಂಟು ಆದವು.

“ನಿಂದೇನಾದ್ರೂ ಐತೇನವ್ವ?” ಎಂದು ಚೈತ್ರಳನ್ನು ಕೇಳಿದೆ.

“ಒಂದೇ ಅಪ್ಪ. ಸಿಗುತ್ತಾ ಅಂತ.”

ಅದು ಪ್ರಶ್ನೆಯೇ ಅಲ್ಲ ಎಂದು ನನಗೆ ಅನ್ನಿಸಿತು. ಬರೆದುಕೊಳ್ಳಲಿಲ್ಲ.

ಹಾಸ್ಟೆಲ್ ಕಚೇರಿ ತೆರೆಯುವುದು ಹತ್ತೂವರೆಗೆ. ನಾವು ನಸುಕು ಮೂರಕ್ಕೇ ಮೊಪೆಡ್ಡಿನಲ್ಲಿ ಮನೆ ಬಿಟ್ಟು, ಏಳು ಗಂಟೆಗೇ ಅದರ ಬಾಗಿಲಲ್ಲಿ ನಿಂತಿದ್ದೆವು. ಇದಕ್ಕೆ ಕಾರಣವಿದೆ. ನಾನು ಇಪ್ಪತ್ತಾರು ವರ್ಷದಿಂದ ರೇಷ್ಮೆಹುಳ ಸಾಕಿ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕುತ್ತಿರುವವನು. ಅಲ್ಲಿ ಬೇಗ ಹೋದವನಿಗೆ ಒಳ್ಳೆಯ ಜಾಗ. ಬೆಳಕು ಬೀಳುವ ಕಡೆ ಗೂಡು ಸುರಿದರೆ ಅದರ ಬಣ್ಣವೇ ಬೇರೆ. ಅದೇ ಅಭ್ಯಾಸದಿಂದ ಹೋಗಿ ನಿಂತೆ. ಅಭ್ಯಾಸ ಕೈಬಿಡಲಿಲ್ಲ. ಬಾಗಿಲು ತೆರೆದ ಕೂಡಲೇ ನಮಗೆ ಟೋಕನ್ ಕೊಟ್ಟರು. ಒಂದನೇ ನಂಬರು!

ಹಿಂದೆ ನೋಡಿದೆ. ಸಾಲು ಮೆಟ್ಟಿಲು ಇಳಿದು, ನೇರಳೆ ಮರ ದಾಟಿ, ಸೈಕಲ್ ಸ್ಟ್ಯಾಂಡಿನವರೆಗೆ ಹೋಗಿತ್ತು. ಅಷ್ಟೂ ಜನರ ಮುಂದೆ ಒಂದನೇ ನಂಬರು ಹಿಡಿದು ನಿಂತವನು ನಾನು. ಆ ಹೊತ್ತಿನ ನನ್ನ ಸಂತೋಷವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆ ದಿನ ಮತ್ತೆ ಅದನ್ನು ದಾಖಲಿಸುವ ಸಂದರ್ಭ ಬರಲಿಲ್ಲ.

ಬಾಗಿಲಲ್ಲಿ ಒಬ್ಬರು ಎಲ್ಲರ ಕಾಗದಪತ್ರ ಪರೀಕ್ಷಿಸುತ್ತಿದ್ದರು. ಅಂಕಪಟ್ಟಿ ನೋಡಿದರು, ಸರಿ. ಆಧಾರ್ ನೋಡಿದರು, ಸರಿ. ಆದಾಯ ಪ್ರಮಾಣಪತ್ರದ ಜೆರಾಕ್ಸನ್ನು ತಿರುಗಿಸಿದರು. ನಿಂತರು. ಗಟ್ಟಿಯಾಗಿ ಓದಿದರು.

“ಇಪ್ಪತ್ತೊಂಬತ್ತು. ಸೊಳ್ಳೆ ಪರದೆ ಕಟ್ಟಲು ಗೋಡೆಗೆ ಮೊಳೆ ಹೊಡೆಯಬಹುದೇ? ಮೂವತ್ತು. ಮೊಳೆ ನಾವೇ ತರಬೇಕೇ? ಮೂವತ್ತೊಂದು. ಇಲಿ ಇದೆಯೇ?”

ರೈಲಿನಲ್ಲಿ ಬರುವಾಗ ಈ ಮೂರು ಪ್ರಶ್ನೆ ಹೊಸದಾಗಿ ಹೊಳೆದಿದ್ದವು. ನೋಟ್‌ಬುಕ್ಕು ಚೀಲದ ತಳದಲ್ಲಿತ್ತು. ಕೈಗೆ ಸಿಕ್ಕ ಹಾಳೆಯ ಹಿಂದೆ ಬರೆದಿದ್ದೆ.

“ಇದು ನಡಿಯಲ್ಲಮ್ಮ. ಇನ್ನೊಂದು ಕಾಪಿ ತನ್ನಿ” ಎಂದು ಅವರು ಚೈತ್ರಳಿಗೆ ಹೇಳಿದರು. ನನಗೆ ಹೇಳಲಿಲ್ಲ. ನನ್ನನ್ನು ನೋಡಿದರು, ಅಷ್ಟೆ.

ಜೆರಾಕ್ಸ್ ಅಂಗಡಿ ದೊಡ್ಡ ಗೇಟಿನ ಹೊರಗಿತ್ತು. ಗೇಟು ನಾವಿದ್ದಲ್ಲಿಂದ ಒಂದು ಮೈಲಿ. ಒಂದು ನಿಮಿಷ ಚೈತ್ರ ಯೋಚಿಸಿದಳು. ನಾನು ಹೋದರೆ ದಾರಿ ತಪ್ಪುತ್ತೇನೆ ಎಂದು ಅವಳ ಲೆಕ್ಕ. ಟೋಕನ್ನನ್ನೂ ಫೈಲನ್ನೂ ನನ್ನ ಕೈಗೆ ಕೊಟ್ಟಳು.

“ಅಪ್ಪ, ನಾನು ಬರೋದ್ರೊಳಗೆ ಕರೆದ್ರೆ ಒಳಗೆ ಹೋಗು. ಕಾಪಿ ತರಕ್ಕೆ ಹೋಗವ್ಳೆ ಅನ್ನು. ಅವ್ರು ಯಾವ ರೂಮ್ ಕೊಟ್ರೂ ಹೂಂ ಅನ್ನು. ಇನ್ನೇನೂ ಮಾತಾಡ್ಬೇಡ.”

“ಆಯ್ತು ಹೋಗವ್ವ. ನಂಗೆ ಹೇಳ್ಕೊಡ್ತೀಯಾ?” ಎಂದೆ.

ಅವಳು ಓಡಿದಳು. ಹನ್ನೊಂದು ಇಪ್ಪತ್ತಕ್ಕೆ ಒಂದನೇ ನಂಬರು ಕೂಗಿದರು.

ಈಗ ಗೂಡಿನ ಮಾರುಕಟ್ಟೆಯನ್ನು ಕಾಣದವರಿಗೆ ಒಂದು ವಿಷಯ ತಿಳಿಸಬೇಕು. ಇಲ್ಲದಿದ್ದರೆ ಮುಂದೆ ನಾನು ಮಾಡಿದ್ದು ಹುಚ್ಚುತನವಾಗಿ ಕಾಣುತ್ತದೆ. ಅಲ್ಲಿ ನಾವು ಗೂಡನ್ನು ಜಾಲರಿಯಲ್ಲಿ ಸುರಿದು ನಿಲ್ಲುತ್ತೇವೆ. ನಮಗೊಂದು ಲಾಟ್ ನಂಬರು ಕೊಡುತ್ತಾರೆ. ನೂಲು ತೆಗೆಯುವ ರೀಲರುಗಳು ಬಂದು ಒಂದು ಹಿಡಿ ಗೂಡನ್ನೆತ್ತಿ ಕಿವಿಯ ಹತ್ತಿರ ಅಲುಗಿಸಿ, ಮುಖ ಸಿಂಡರಿಸಿ, ತಮ್ಮ ಮೊಬೈಲಿನಲ್ಲಿ ದರ ಒತ್ತುತ್ತಾರೆ. ಆ ರೌಂಡು ಮುಗಿದಾಗ ನಮ್ಮನ್ನು ಕೇಳುತ್ತಾರೆ: ಈ ದರಕ್ಕೆ ಒಪ್ಪಿಗೆಯೇ? ಒಪ್ಪದಿದ್ದರೆ ಬೇಡ ಎಂದು ಬರೆಸಬಹುದು. ಮಾಲು ನಮ್ಮದೇ. ಎರಡನೇ ರೌಂಡು ನಡೆಯುತ್ತದೆ. ಮೊದಲ ರೌಂಡಿಗೇ ಒಪ್ಪಬಾರದು, ಮುಖದಲ್ಲಿ ಆಸೆ ಕಾಣಬಾರದು. ಇವೆರಡು ನಮ್ಮಪ್ಪ ನನಗೆ ಬಿಟ್ಟು ಹೋದ ವಿದ್ಯೆ. ಇಪ್ಪತ್ತಾರು ವರ್ಷ ಅದು ನನ್ನನ್ನು ಕೈಬಿಟ್ಟಿರಲಿಲ್ಲ.

ಒಳಗೆ ಕಿಟಕಿಯ ಹಿಂದೆ ಒಬ್ಬರು ಮಹಿಳಾ ಗುಮಾಸ್ತೆ ಕುಳಿತಿದ್ದರು. ಕಂಪ್ಯೂಟರ್ ನೋಡಿಕೊಂಡೇ ಮಾತಾಡಿದರು.

“ಚೈತ್ರ ಪಿ. ತಂದೆ ಪುಟ್ಟಸ್ವಾಮಿಗೌಡ. ಮೂರನೇ ಮಹಡಿ, ಮುನ್ನೂರ ಹನ್ನೆರಡು. ನಾಲ್ಕು ಜನರ ರೂಮು. ಬಾತ್‌ರೂಮ್ ಪಕ್ಕದ್ದು. ಒಪ್ಪಿಗೇನಾ?”

ಒಪ್ಪಿಗೆಯೇ? ಇಪ್ಪತ್ತಾರು ವರ್ಷ ಕೇಳಿದ ಮಾತು. ಕಿವಿಗೆ ಬಿದ್ದ ಕೂಡಲೇ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಮುಖದಲ್ಲಿ ಆಸೆ ಕಾಣದಂತೆ ನೋಡಿಕೊಂಡೆ. ಇದರಲ್ಲಿ ನಾನು ಪೂರ್ತಿ ಯಶಸ್ವಿಯಾದೆ.

“ಮೂರ್ನೇ ಮಹಡೀನಾ?” ಎಂದೆ, ಗೂಡಿನಲ್ಲಿ ತೇವ ಕಂಡವನ ಹಾಗೆ. “ಕೆಳಗೆ ಇಲ್ವಾ ಮೇಡಂ?”

“ಇಲ್ಲ ಸಾರ್.”

“ಇಬ್ಬರು ಇರೋದು?”

“ಕಂಪ್ಯೂಟರ್ ಕೊಟ್ಟಿರೋದು ಇದು. ಒಪ್ಪಿಗೇನಾ, ಇಲ್ವಾ?”

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಛಾವಣಿ ನೋಡಿದೆ. ಮತ್ತೆ ಮುಂದೆ ಬಂದೆ. ಮಾರುಕಟ್ಟೆಯಲ್ಲಿ ಇದಕ್ಕೆ ಬೆಲೆಯಿದೆ.

“ಬ್ಯಾಡ ಬುಡಿ ಮೇಡಂ. ಈ ರೌಂಡಿಗೆ ಬ್ಯಾಡ.”

ಆಗ ಅವರು ಮೊದಲ ಸಲ ಕಂಪ್ಯೂಟರ್ ಬಿಟ್ಟು ನನ್ನನ್ನು ನೋಡಿದರು.

“ಬೇಡ್ವಾ?”

“ಬ್ಯಾಡ.”

“ಯೋಚನೆ ಮಾಡಿ ಸಾರ್. ಮಗಳನ್ನ ಒಂದು ಮಾತು ಕೇಳಿ.”

ಯೋಚನೆ ಮಾಡಿ ಎಂದು ರೀಲರು ಹೇಳಿದರೆ ದರ ಏರುತ್ತದೆ ಎಂದೇ ಅರ್ಥ. ನಾನು ನಕ್ಕೆ. ಆ ನಗು ನನಗೆ ಈಗಲೂ ನೆನಪಿದೆ. ಅದನ್ನು ಮರೆಯಲು ಪ್ರಯತ್ನಿಸುತ್ತಿದ್ದೇನೆ.

ಯಂತ್ರದಿಂದ ಒಂದು ಹಾಳೆ ಬಂತು. “ಹಂಚಿಕೆಯಾದ ಕೊಠಡಿಯನ್ನು ನಿರಾಕರಿಸಿದ್ದೇನೆ” ಎಂದು ಅದರಲ್ಲಿ ಸ್ಪಷ್ಟವಾಗಿ, ಕನ್ನಡದಲ್ಲಿ ಇತ್ತು. ಓದಿದೆ. ಎರಡು ಸಲ ಓದಿದೆ. ತಿಳಿಯದೆ ಸಹಿ ಹಾಕಿದೆ ಎಂದು ಹೇಳುವ ಅವಕಾಶವನ್ನು ನಾನೇ ಕಳೆದುಕೊಂಡಿದ್ದೇನೆ. ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಪಕ್ಕದಲ್ಲಿ, ಅವರು ಕೇಳದಿದ್ದರೂ, ಸಮಯವನ್ನೂ ಬರೆದೆ. ಹನ್ನೊಂದು ಇಪ್ಪತ್ತಾರು.

ಹೊರಗೆ ಬಂದರೆ ಸಾಲಿನಲ್ಲಿ ನವಾಜ್ ಸಾಬರು! ರಾಮನಗರದ ರೀಲರು. ನನ್ನ ಗೂಡನ್ನು ಎಷ್ಟೋ ಸಲ ಕೊಂಡವರು, ಎಷ್ಟೋ ಸಲ ನನ್ನಿಂದ ಬೇಡ ಅನ್ನಿಸಿಕೊಂಡವರು. ಅವರ ಮಗಳು ಶಾಹೀನ್ ಎಂ.ಕಾಂ.ಗೆ ಸೇರಿದ್ದಳು. ಒಂಬತ್ತನೇ ಟೋಕನ್.

“ಏನ್ ಗೌಡ್ರೇ, ಒಂದ್ನೇ ನಂಬರು! ಆಯ್ತಾ ಕೆಲಸ?”

“ಕೊಟ್ರು ಸಾಬ್ರೆ. ಮೂರ್ನೇ ಮಹಡಿ, ಬಾತ್‌ರೂಮ್ ಪಕ್ಕ. ಬ್ಯಾಡ ಅಂದೆ.”

ಸಾಬರು ಜೋರಾಗಿ ನಕ್ಕರು. “ಅರೇ, ಇಲ್ಲೂ ಅದೇ ಆಟಾನಾ?” ನಾನು ತಮಾಷೆ ಮಾಡುತ್ತಿದ್ದೇನೆ ಎಂದು ಅವರು ತಿಳಿದರಂತೆ. ಆಮೇಲೆ ಹೇಳಿದರು. ಆ ಹೊತ್ತಿಗೆ ನಾನೂ ನಕ್ಕೆ. ಆ ದಿನದ ಎರಡನೇ ನಗು.

ಇಪ್ಪತ್ತು ನಿಮಿಷ ಕಳೆದು ಅವರು ಮಗಳ ಜೊತೆ ಹೊರಗೆ ಬಂದರು. ಕೈಯಲ್ಲಿ ಹಸಿರು ಚೀಟಿ.

“ಯಾವ್ದು ಕೊಟ್ರು?” ಎಂದೆ.

“ಮುನ್ನೂರ ಹನ್ನೆರಡು.” ಸ್ವಲ್ಪ ಸಂಕೋಚದಿಂದಲೇ ಹೇಳಿದರು. “ನಾವು ರೀಲರ್‌ಗಳು ಗೌಡ್ರೇ. ಕಣ್ಣಿಗೆ ಕಂಡ ಲಾಟು ಬಿಡಲ್ಲ.”

ಪಾಪ, ಅವಸರಪಟ್ಟರಲ್ಲ ಎಂದು ಅವರ ಬಗ್ಗೆ ನನಗೆ ಮರುಕ ಹುಟ್ಟಿತು.

ಚೈತ್ರ ಹನ್ನೆರಡಕ್ಕೆ ಐದು ನಿಮಿಷವಿರುವಾಗ ಬಂದಳು. ಅಂಗಡಿಯಲ್ಲಿ ಕರೆಂಟು ಹೋಗಿತ್ತಂತೆ. ಓಡಿ ಓಡಿ ಮುಖ ಕೆಂಪಾಗಿತ್ತು. ಕಾಪಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು, ಹಿಂದೆಯೂ ಮುಂದೆಯೂ ನಾನು ಏನೂ ಬರೆಯದ ಹಾಗೆ.

“ಕರೆದ್ರಾ ಅಪ್ಪ?”

“ಕರೆದ್ರು.”

“ಕೊಟ್ರಾ?”

“ಕೊಟ್ರು ಕಣವ್ವ. ನಾನೇ ಬ್ಯಾಡ ಅಂದೆ. ಎರಡ್ನೇ ರೌಂಡಿಗೆ ಇನ್ನೂ ಒಳ್ಳೇದು ಬತ್ತದೆ.”

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಸುಮ್ಮನೆ ನನ್ನ ಕೈ ಹಿಡಿದು, ಸಾಲಿನಲ್ಲಿದ್ದವರನ್ನು ಕೇಳಿಕೊಂಡು, ಕಿಟಕಿಯ ಮುಂದೆ ನಿಲ್ಲಿಸಿದಳು. ಏನು ಕೇಳಬೇಕೋ ನೀನೇ ಕೇಳು ಎಂಬಂತೆ.

“ಎರಡ್ನೇ ರೌಂಡು ಎಷ್ಟೊತ್ಗೆ ಮೇಡಂ?” ಎಂದೆ.

“ಯಾವ ರೌಂಡು?”

“ಹಾಸ್ಟೆಲ್ಲಿಂದು.”

“ಮುಂದಿನ ವರ್ಷ ಸಾರ್.”

ಮುಂದಿನ ವರ್ಷ! ಹಾಸ್ಟೆಲಿನಲ್ಲಿದ್ದ ಎಲ್ಲಾ ಮಂಚಗಳೂ ಟೋಕನ್ ಪ್ರಕಾರ ಅಂದೇ ಮುಗಿಯುತ್ತವೆ, ಬೇಡ ಎಂದವರ ಹೆಸರು ಕಾಯುವ ಪಟ್ಟಿಯ ಕೊನೆಗೆ ಹೋಗುತ್ತದೆ ಎಂದು ಅವರು ವಿವರಿಸಿದರು. ನಾನು ಬೆಳಿಗ್ಗೆ ಏಳಕ್ಕೆ ಬಂದು ಹಿಡಿದ ಒಂದನೇ ನಂಬರು ಈಗ ಅರವತ್ತನಾಲ್ಕನೆಯದಾಗಿತ್ತು.

ಹೊರಗೆ ಮೆಟ್ಟಿಲ ಮೇಲೆ ಕುಳಿತೆವು. ನೇರಳೆ ಹಣ್ಣು ಬಿದ್ದು ಮೆಟ್ಟಿಲೆಲ್ಲ ಕಲೆಯಾಗಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಕಾಪಿಯನ್ನು ಫೈಲಿನೊಳಗಿಟ್ಟು ಒಂದೇ ಮಾತು ಹೇಳಿದಳು.

“ನಂಗೆ ಬಾತ್‌ರೂಮ್ ಪಕ್ಕಾನೂ ಆಯ್ತಿತ್ತು ಅಪ್ಪ.”

ಮಧ್ಯಾಹ್ನ ಎರಡಕ್ಕೆ ವಾರ್ಡನ್ ಮೇಡಂ ಅವರನ್ನು ಕಂಡೆವು. ಚೈತ್ರಳಿಗೆ ಮಾತಾಡಲು ಬಿಡಬಹುದಿತ್ತು. ನಾನೇ ಮಾತಾಡಿದೆ. ಜಾಲರಿಯಿಂದ ಹಿಡಿದು, ಲಾಟ್ ನಂಬರು, ಮೊಬೈಲ್ ಹರಾಜು, ಒಂದನೇ ರೌಂಡು, ಎರಡನೇ ರೌಂಡು, ಒಂದನ್ನೂ ಬಿಡದೆ ವಿವರಿಸಿದೆ. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿದರು. ನಡುವೆ ಒಮ್ಮೆಯೂ ತಡೆಯಲಿಲ್ಲ. ನನ್ನ ಪಕ್ಷ ಗಟ್ಟಿಯಾಯಿತು ಎಂದುಕೊಂಡೆ.

“ಒಂದು ಕೇಳ್ತೀನಿ” ಎಂದರು. “ಆ ಮಾರ್ಕೆಟ್ಟಿಗೆ ನೀವು ಮಾರೋಕೆ ಹೋಗ್ತೀರಾ, ಕೊಳ್ಳೋಕೆ ಹೋಗ್ತೀರಾ?”

“ಮಾರಾಕೆ ಮೇಡಂ.”

“ಇಲ್ಲಿಗೆ?”

ಇಪ್ಪತ್ತಾರು ವರ್ಷ ಜಾಲರಿಯ ಒಂದೇ ಬದಿಯಲ್ಲಿ ನಿಂತವನು ನಾನು. ಆ ದಿನ ಬೇರೆ ಬದಿಯಲ್ಲಿ ನಿಂತಿದ್ದೇನೆ ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ಬೇಡ ಎಂದು ನಾನು ಹಿಂದಕ್ಕೆ ಇಟ್ಟುಕೊಳ್ಳಲು ಅಲ್ಲಿ ನನ್ನದು ಎನ್ನುವ ಮಾಲು ಯಾವುದಿತ್ತು? ಪಕ್ಕದಲ್ಲಿ ಮಗಳು ನಿಂತಿದ್ದಳು. ಅವಳ ಕಡೆ ನೋಡಲು ಧೈರ್ಯ ಸಾಲಲಿಲ್ಲ.

“ಪಟ್ಟಿಯಲ್ಲಿ ಹೆಸರಿದೆ. ಖಾಲಿಯಾದರೆ ಫೋನ್ ಮಾಡ್ತೀವಿ” ಎಂದು ಆಕೆ ಎದ್ದರು. “ಬೇರೇನಾದ್ರೂ ಪ್ರಶ್ನೆ ಇದ್ಯಾ?”

ಮೂವತ್ತೊಂದು ಇದ್ದವು.

“ಇಲ್ಲ ಮೇಡಂ” ಎಂದೆ.

ಮನೆಗೆ ಬಂದು ವರದಿ ಒಪ್ಪಿಸಿದೆ. ಸಾವಿತ್ರಿ ಹುಳಕ್ಕೆ ಸೊಪ್ಪು ಹಾಕುತ್ತಿದ್ದವಳು ಕೈ ನಿಲ್ಲಿಸದೆ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, “ಮುದ್ದೆ ಐತಂತಾ?” ಎಂದಳು.

“ಕೇಳ್ಲಿಲ್ಲ.”

“ಹೆಣ್ಣು ನೋಡಾಕ್ ಬಂದಾಗ ನಮ್ಮಪ್ಪಂಗೂ ಹಿಂಗೇ ಅಂದಿದ್ರಿ. ಇನ್ನೊಂದು ಸಲ ಬಂದು ಹೇಳ್ತೀವಿ ಅಂತ ಮೀಸೆ ತಿರುವ್ಕೊಂಡು ಹೋದ್ರಿ. ಅವತ್ತು ನಮ್ಮಪ್ಪ ಎರಡ್ನೇ ರೌಂಡು ಇಲ್ಲ ಅಂದ್ಬುಟ್ಟಿದ್ರೆ ನಾನು ಬದುಕ್ಕೊತಿದ್ದೆ!”

ನಮ್ಮ ತಾಯಿ ನಗಲು ಶುರುಮಾಡಿದವರು ಊಟದ ಹೊತ್ತಿನವರೆಗೂ ನಿಲ್ಲಿಸಲಿಲ್ಲ. ಚೈತ್ರ ಮಾತ್ರ ನಗಲಿಲ್ಲ.

ಕ್ಲಾಸು ಶುರುವಾಯಿತು. ಬೆಳಿಗ್ಗೆ ಐದಕ್ಕೆ ನಾನು ಮೊಪೆಡ್ ತೆಗೆಯುತ್ತಿದ್ದೆ. ರಾಮನಗರ ಸ್ಟೇಷನ್ನಿನಲ್ಲಿ ಅವಳನ್ನು ರೈಲು ಹತ್ತಿಸಿ ಬರುವುದು, ಸಂಜೆ ಹೋಗಿ ಕರೆತರುವುದು. ಬರುವಾಗ ಅವಳು ಹಿಂದೆ ಕುಳಿತಲ್ಲೇ ತೂಕಡಿಸುತ್ತಿದ್ದಳು. ಹೆಲ್ಮೆಟ್ಟು ನನ್ನ ಬೆನ್ನಿಗೆ ಬಡಿಯುತ್ತಿತ್ತು. ರಸ್ತೆಯ ಒಂದೊಂದು ಹಂಪ್‌ಗೂ ಒಂದೊಂದು ಏಟು. ನ್ಯಾಯವಾಗಿಯೇ ಇತ್ತು.

ಅವಳು ತೂಕಡಿಸಿ ಬೀಳದಿರಲಿ ಎಂದು ಏನಾದರೂ ಕೇಳುತ್ತಿದ್ದೆ. ನನ್ನ ಹತ್ತಿರ ಕೇಳಲು ಇದ್ದದ್ದು ಆ ನೋಟ್‌ಬುಕ್ಕಿನ ಪ್ರಶ್ನೆಗಳೇ.

“ಲೈಬ್ರರಿ ಪುಸ್ತಕ ಎಷ್ಟು ದಿನ ಮಡಿಕಬೋದವ್ವ?”

“ಹದಿನೈದು ದಿನ ಅಂತೆ. ನಾನಿನ್ನೂ ಲೈಬ್ರರಿ ಒಳಗೆ ಹೋಗಿಲ್ಲಪ್ಪ. ಲ್ಯಾಬ್ ಬಿಟ್ಟ ತಕ್ಷಣ ರೈಲಿಗೆ ಓಡ್ಬೇಕಲ್ಲ.”

“ಹಾಜರಾತಿ?”

ಹೆಲ್ಮೆಟ್ಟು ಮತ್ತೊಮ್ಮೆ ಬೆನ್ನಿಗೆ ಬಡಿಯಿತು. ನಿದ್ದೆ ಹತ್ತಿತೇನೋ ಎಂದುಕೊಂಡೆ.

“ನಂದು ಕಮ್ಮಿ ಐತೆ. ಬೆಳಿಗ್ಗೆ ರೈಲು ದಿನಾ ತಡ, ಎಂಟರ ಫಸ್ಟ್ ಕ್ಲಾಸು ತಪ್ತದೆ. ಹಿಂಗೇ ಆದ್ರೆ ಪರೀಕ್ಷೆಗೆ ಕೂರಿಸಲ್ವಂತೆ. ದೀಪಾವಳಿ ತನಕ ನೋಡ್ತೀನಪ್ಪ. ಆಗ್ಲಿಲ್ಲ ಅಂದ್ರೆ ಬಿಟ್ಬುಟ್ಟು ರಾಮನಗರದಲ್ಲೇ ಬಿ.ಇಡಿ. ಮಾಡ್ತೀನಿ. ಅದೂ ಒಳ್ಳೇದೇ.”

ಅದೂ ಒಳ್ಳೆಯದೇ. ಆ ಮಾತನ್ನು ಅವಳು ನನಗೆ ಸಮಾಧಾನವಾಗಲಿ ಎಂದು ಹೇಳಿದ್ದು. ನಾನು ಮೊಪೆಡ್ಡಿನ ಕನ್ನಡಿಯನ್ನು ತಿರುಗಿಸಿಟ್ಟೆ. ಅದರಲ್ಲಿ ಅವಳ ಮುಖ ಕಾಣುತ್ತಿತ್ತು.

ಆಗಿನಿಂದ ನಾನು ಫೋನನ್ನು ಕೈಬಿಡಲಿಲ್ಲ. ಹಾಸ್ಟೆಲಿನಿಂದ ಯಾವಾಗ ಕರೆ ಬರುತ್ತದೋ! ಇನ್ನೊಮ್ಮೆ ಬೇಡ ಎಂಬ ಮಾತು ನನ್ನ ಬಾಯಿಂದ ಬರಕೂಡದು ಎಂದು ನಿಶ್ಚಯಿಸಿದೆ. ಗುರುತಿಲ್ಲದ ನಂಬರು ಬಂದರೆ ಎತ್ತಿದ ಕೂಡಲೇ “ಒಪ್ಪಿಗೆ” ಎನ್ನುತ್ತಿದ್ದೆ. ಇದರ ಫಲಗಳು ಹೀಗಿವೆ. ದಿನಕ್ಕೆ ನಾಲ್ಕು ಸಲ ನನಗೆ ಕ್ರಿಕೆಟ್ ಸುದ್ದಿ ಬರುತ್ತದೆ. ಕನಕಪುರದ ಕಡೆಯಿಂದ ಒಬ್ಬರು ಹಾಸಿಗೆ ತೋರಿಸಲು ಮನೆಗೇ ಬಂದರು. ನನಗೆ ಯಾರಾದರೂ ಫೋನ್ ಮಾಡಿದರೆ ಗಂಟೆಯ ಬದಲು ಕೂಸೊಂದು ಕಿಲಕಿಲ ನಗುವುದು ಕೇಳಿಸುತ್ತದೆ. ತೆಗೆಸುವುದು ಹೇಗೆಂದು ಗೊತ್ತಿಲ್ಲ. ನಮ್ಮ ಸೊಸೈಟಿ ಅಧ್ಯಕ್ಷರು ಎರಡು ಸಲ ಆ ನಗು ಕೇಳಿ, ನಾನೇ ಅಣಕಿಸುತ್ತಿದ್ದೇನೆ ಎಂದು ಮಾತು ಬಿಟ್ಟಿದ್ದಾರೆ.

ದೀಪಾವಳಿಗೆ ಹದಿನೈದು ದಿನವಿತ್ತು. ಸೋಮವಾರ. ಹುಳ ಹಣ್ಣಾಗಿದ್ದವು. ಅಂದರೆ ಗೂಡು ಕಟ್ಟಲು ತಯಾರಾಗಿದ್ದವು. ಆ ದಿನ ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಲೇಬೇಕು. ಹುಳ ನಾಳೆಯವರೆಗೆ ಕಾಯುವುದಿಲ್ಲ. ಅದಕ್ಕೂ ಎರಡನೇ ರೌಂಡಿಲ್ಲ. ಹನ್ನೊಂದು ಗಂಟೆಗೆ ಫೋನು ಬಂತು.

“ಒಪ್ಪಿಗೆ!” ಎಂದೆ.

“ಅರೇ ಗೌಡ್ರೇ, ನಾನು ನವಾಜ್. ಇನ್ನೂ ಏನೂ ಹೇಳೇ ಇಲ್ಲ! ಅದೇನ್ರೀ ಫೋನಲ್ಲಿ ಮಗು ನಗ್ತಾ ಐತೆ?”

“ಅದು ಬುಡಿ ಸಾಬ್ರೆ. ಹೇಳಿ.”

“ನಮ್ಮ ಶಾಹೀನ್ ರೂಮಲ್ಲಿ ಒಂದು ಹುಡುಗಿ ಖಾಲಿ ಮಾಡಿದ್ಲು. ಮೈಸೂರಲ್ಲಿ ಸೀಟ್ ಸಿಕ್ತಂತೆ. ನಮ್ಮ ಕಡೆ ಹುಡುಗಿ ಒಬ್ಳು ದಿನಾ ರೈಲಲ್ಲಿ ಬಂದು ಸಾಯ್ತಾವ್ಳೆ ಅಂತ ಇವ್ಳು ಹೋಗಿ ವಾರ್ಡನ್ ಹತ್ರ ಕೂತ್ಬುಟ್ಟವ್ಳೆ. ಪಟ್ಟೀಲಿ ಇರೋರೆಲ್ಲ ಅಲ್ಲೇ ಎಲ್ಲೋ ಪಿ.ಜಿ. ಹಿಡಿದ್ಬುಟ್ಟಿದಾರೆ, ಈಗ ನಿಮ್ ಹುಡುಗೀನೇ ಮುಂದೆ ಅಂತೆ. ಪೋಷಕರು ಇವತ್ತು ನಾಲ್ಕು ಗಂಟೆ ಒಳಗೆ ಬಂದು ಸಹಿ ಹಾಕ್ಬೇಕು. ಮುನ್ನೂರ ಹನ್ನೆರಡು. ಬಾತ್‌ರೂಮ್ ಪಕ್ಕದ್ದು.” ಕೊನೆಗೆ, “ಯೋಚನೆ ಮಾಡಿ ಹೇಳ್ತೀರಾ?” ಎಂದರು.

ಆ ಮಾತು ಅವರು ಹೇಳಬಾರದಿತ್ತು. ಆದರೂ ನನಗೆ ಹೇಳಬೇಕಾದದ್ದೇ ಅದು.

ನಾನು ಉತ್ತರ ಕೊಡುವ ಮೊದಲೇ ಸಾವಿತ್ರಿ ಫೋನನ್ನು ಕಿತ್ತುಕೊಂಡು, “ನಾನು ಬತ್ತಾ ಇವ್ನಿ ಅಣ್ಣ” ಎಂದಳು. ಕೈ ತೊಳೆದಳು. ಸೀರೆ ಬದಲಿಸಿದಳು.

“ನಾನೂ ಬತ್ತೀನಿ” ಎಂದೆ.

“ನೀವು ಹುಳ ಆರಿಸಿ. ಅದ್ರಲ್ಲಿ ನಿಮ್ಮನ್ನ ಯಾರೂ ಏನೂ ಕೇಳಾಕಿಲ್ಲ.”

ಅವಳು ಮೂರೂ ಮುಕ್ಕಾಲಿಗೆ ಅಲ್ಲಿ ತಲುಪಿದಳಂತೆ. ಬೆಂಗಳೂರಿನಲ್ಲಿ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ನಾನು ನಮ್ಮ ತಾಯಿಯ ಜೊತೆ ಕುಳಿತು, ಕತ್ತಲಾಗುವವರೆಗೆ ಹುಳ ಆರಿಸಿದೆ.

ಪಾಠ ಕಲಿತವನು ಅದನ್ನು ಬಳಸಬೇಕಲ್ಲವೇ? ಶನಿವಾರ ಆ ಬೆಳೆಯ ಗೂಡನ್ನು ಮಾರುಕಟ್ಟೆಗೆ ಹಾಕಿದೆ. ಮೊದಲ ರೌಂಡು ಮುಗಿಯಿತು. ಒಪ್ಪಿಗೆಯೇ ಎಂದು ಕೇಳಿದರು. ಅವರ ಬಾಯಿ ಮುಚ್ಚುವ ಮೊದಲೇ ಒಪ್ಪಿಗೆ ಎಂದೆ. ಕೊಂಡವರು ನವಾಜ್ ಸಾಬರು. ಅವರಿಗೇ ನಂಬಿಕೆ ಬರದೆ, ಮೈ ಹುಷಾರಿದೆಯೇ ಎಂದು ವಿಚಾರಿಸಿದರು. ಎರಡನೇ ರೌಂಡಿನಲ್ಲಿ ದರ ಏರಿತು. ಆ ವರ್ಷವೇ ಅಷ್ಟು ಏರಿರಲಿಲ್ಲ.

ಮಾರನೇ ದಿನ, ಭಾನುವಾರ, ಸಾಮಾನು ತೆಗೆದುಕೊಂಡು ಎಲ್ಲರೂ ಹಾಸ್ಟೆಲಿಗೆ ಹೋದೆವು. ನನ್ನ ಪಾಲಿಗೆ ಒಂದು ಬಕೆಟ್ಟು, ಒಂದು ಹಾಸಿಗೆ ಸುರುಳಿ. ಮೂರು ಮಹಡಿ ಹತ್ತಿ ಮುನ್ನೂರ ಹನ್ನೆರಡು ನೋಡಿದೆ. ಗಾಳಿ ಬೆಳಕು ಚೆನ್ನಾಗಿದೆ. ಬಾತ್‌ರೂಮ್ ಪಕ್ಕದಲ್ಲಿರುವುದು ಬಹಳ ಅನುಕೂಲ. ಶಾಹೀನ್ ಆಗಲೇ ಚೈತ್ರಳ ಬಟ್ಟೆಗೆ ಕಪಾಟಿನಲ್ಲಿ ಅರ್ಧ ಜಾಗ ಬಿಡಿಸಿಟ್ಟಿದ್ದಳು. “ಆಂಟಿ, ಈ ಕಿಟಕಿಗೆ ನಮ್ ರಾಮನಗರದ ಬೆಟ್ಟ ಕಾಣಲ್ಲ, ನೀರಿನ ಟ್ಯಾಂಕ್ ಕಾಣುತ್ತೆ” ಎಂದಳು. ಚೈತ್ರ ನಕ್ಕಳು. ಮೂರು ತಿಂಗಳಲ್ಲಿ ನಾನು ಕಂಡ ಮೊದಲ ನಗು ಅದು. ಎಷ್ಟು ಹೊತ್ತಿಗೆ ಎಂದು ಬರೆದಿಟ್ಟುಕೊಂಡಿದ್ದೇನೆ. ಹತ್ತು ನಲವತ್ತು.

ಕೆಳಗೆ ವಾರ್ಡನ್ ಮೇಡಂ ಸಿಕ್ಕರು. ನನ್ನ ಗುರುತು ಹಿಡಿದರು. “ಏನಾದ್ರೂ ಪ್ರಶ್ನೆ ಇದ್ಯಾ?” ಎಂದರು. ಚೈತ್ರ ನನ್ನನ್ನು ನೋಡಿದಳು. ನಾನು ಬಕೆಟ್ಟನ್ನು ನೋಡಿದೆ. ಸಾವಿತ್ರಿಯೇ ಮುಂದೆ ಬಂದು ಮುದ್ದೆಯ ವಿಚಾರ ಕೇಳಿದಳು. ಬುಧವಾರ ಮತ್ತು ಶನಿವಾರವಂತೆ. ಒಂದನೇ ಪ್ರಶ್ನೆಗೆ ಕೊನೆಗೂ ಗೆರೆ ಎಳೆದೆ.

ಅವರ ಮೇಜಿನ ಮೇಲೆ ಚೈತ್ರಳ ಅರ್ಜಿ ಬಿಚ್ಚಿ ಇಟ್ಟಿತ್ತು. ಬಗ್ಗಿ ಓದಿದೆ. ಪೋಷಕರು: ಸಾವಿತ್ರಮ್ಮ. ಸಹಿ: ಸಾವಿತ್ರಮ್ಮ. ತುರ್ತು ಸಂದರ್ಭದಲ್ಲಿ ಕರೆ ಮಾಡಬೇಕಾದವರು: ಸಾವಿತ್ರಮ್ಮ; ಅವರು ಸಿಗದಿದ್ದರೆ ನವಾಜ್ ಸಾಬ್. ಅವರೂ ಸಿಗದಿದ್ದರೆ ಯಾರು ಎಂಬ ಜಾಗವನ್ನು ಖಾಲಿ ಬಿಟ್ಟಿದ್ದರು.

ನನ್ನ ಹೆಸರು ಇಡೀ ಹಾಳೆಯಲ್ಲಿ ಒಂದೇ ಕಡೆ ಇತ್ತು. ತಂದೆಯ ಹೆಸರು ಎಂಬಲ್ಲಿ. ಅದನ್ನು ಬದಲಾಯಿಸಲು ಬರುವುದಿಲ್ಲವಂತೆ. ಚೈತ್ರ ವಿಚಾರಿಸಿದ್ದಾಳೆ.